ಆಟದ ಪಿರಿಯಡ್ಡೂ ಪಾಠವೇ, ಅದೂ ಕನ್ನಡದಲ್ಲೇ ಆಗಬೇಕು

ಗಣಿತಕ್ಕೆ ಕನ್ನಡ ಬಾರದ ಮೇಷ್ಟ್ರು ಬಂದರೆ ಗಡಿನಾಡು ಸುಮ್ಮನಿರಲ್ಲ. ಕಾಸರಗೋಡಿನಲ್ಲಿ ಮಕ್ಕಳು, ಹೆತ್ತವರು ಒಟ್ಟಾಗಿ ಬೀದಿಗಿಳಿದದ್ದನ್ನು ಎಲ್ಲರೂ ನೋಡಿದ್ದೇವೆ. ಆದರೆ ಆಟಕ್ಕೆ ಮೇಷ್ಟ್ರೇ ಇಲ್ಲ ಅಂದರೆ? ಯಾರೂ ಸೊಲ್ಲೆತ್ತಲ್ಲ. ಪೋರ್ಷನ್ ಮುಗಿದಿಲ್ಲ ಅಂತ ಆ ಪಿರಿಯಡ್ಡನ್ನು ಬೇರೆ ವಿಷಯದವರು ತಗೊಂಡರೆ ಊರಿನವರಿಗೂ ಖುಷಿಯೇ. "ಆಟ ತಾನೇ, ಸಂಜೆ ಆಡ್ಕೊಳ್ಳಲಿ ಬಿಡಿ!"

ಸಂಜೆ ಮಕ್ಕಳ ಕೈಲಿ ಏನಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ವಾರಕ್ಕೆ 420 ನಿಮಿಷ. 40 ನಿಮಿಷದ ಎರಡು ಪಿರಿಯಡ್ ಪೂರ್ತಿ ನಡೆದರೂ ಸಿಗೋದು 80. ಅದನ್ನೂ ಕಿತ್ತುಕೊಂಡರೆ?

ಆದರೆ ಓಡಿಸಿದರಷ್ಟೇ ಸಾಲದು. ಸಾವಧಾನ್, ವಿಶ್ರಾಮ್ ಅನ್ನೋದಕ್ಕೆ ಭಾಷೆ ಬೇಕಿಲ್ಲ, ಪಕ್ಕದವನನ್ನು ನೋಡಿ ಮಾಡಬಹುದು. ಓಡಿದಾಗ ಎದೆ ಯಾಕೆ ಡಬಡಬ ಅನ್ನುತ್ತೆ, ಓಡುವ ಮೊದಲು ಮೈ ಬಿಸಿ ಮಾಡ್ಕೋಬೇಕು ಯಾಕೆ ಅನ್ನೋದನ್ನು ತಿಳಿಸೋಕೆ ಮಕ್ಕಳ ಭಾಷೆಯೇ ಬೇಕು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನೇ ತಗೊಳ್ಳಿ. ರಕ್ತ ಕಡಿಮೆಯಿದ್ದರೆ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಸುಸ್ತಾಗುತ್ತೆ, ಆ ಮಾತ್ರೆ ಅದಕ್ಕೇ ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದರೆ ಹುಡುಗಿ ಅದನ್ನು ಕಿಟಕಿಯಾಚೆ ಎಸೆಯಲ್ಲ. ಆಟದ ಹೊತ್ತಲ್ಲಿ ಮರದ ನೆರಳಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಹುಡುಗಿಯರೇ ಯಾಕೆ ಅಂತಲೂ ಯಾರಾದರೂ ಕೇಳಬೇಕು.

ಕಾನೂನು ಏನನ್ನುತ್ತೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ಮಕ್ಕಳು 100 ದಾಟಿದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಒಬ್ಬ ಅರೆಕಾಲಿಕ ಬೋಧಕರು ಇರಬೇಕು. ನಮ್ಮ ಪೆಟ್ಟು ಬೀಳೋದು ಇಲ್ಲೇ. ಹಳ್ಳಿಯ ಸಣ್ಣ ಕನ್ನಡ ಶಾಲೆ ಆ 100 ಮುಟ್ಟೋದೇ ಕಷ್ಟ. ಮಕ್ಕಳು ಕಡಿಮೆ ಅಂತ ಮೇಷ್ಟ್ರಿಲ್ಲ; ಆಟವಿಲ್ಲ, ಪಾಠವಿಲ್ಲ ಅಂತ ಮಕ್ಕಳು ಪಕ್ಕದ ಇಂಗ್ಲಿಷ್ ಶಾಲೆಯ ಬಸ್ ಹತ್ತುತ್ತಾರೆ. ಆಮೇಲೆ ಮಕ್ಕಳು ಇನ್ನೂ ಕಡಿಮೆ! ಆದರೆ ಆಟದ ಬಯಲು ಮತ್ತು ಆಟದ ಸಾಮಾನಿಗೆ ಈ 100ರ ಷರತ್ತಿಲ್ಲ. ಅದು ಎಷ್ಟೇ ಚಿಕ್ಕ ಶಾಲೆಯ ಹಕ್ಕೂ ಹೌದು. ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಅಣ್ಣ, ಅತ್ತಿಗೆ, ಚಿಕ್ಕಮ್ಮ ಆ ಸಮಿತಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಇದನ್ನು ಕೇಳಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಕಬಡ್ಡಿ, ವಾಲಿಬಾಲ್ ಆಡುವ ಹುಡುಗ ಹುಡುಗಿಯರು ಗಡಿಯ ಊರೂರಲ್ಲೂ ಇದ್ದೀರಿ. ಹೆಡ್‌ಮಾಸ್ಟರ ಒಪ್ಪಿಗೆ ಪಡೆದು ವಾರಕ್ಕೊಂದು ಗಂಟೆ ಶಾಲೆಗೆ ಕೊಡಿ. ದುಬಾರಿ ಕಿಟ್ ಬೇಡ. ಲಗೋರಿ, ಕುಂಟೆಬಿಲ್ಲೆ, ಖೋ ಖೋ ಸಾಕು. ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸೋದು ಕಲಿಸಿ. ಓಟಕ್ಕೆ ಮೊದಲು ಎಷ್ಟು, ಮುಗಿದ ಮೇಲೆ ಎಷ್ಟು, ಎಷ್ಟು ಹೊತ್ತಿಗೆ ಇಳಿಯಿತು ಅಂತ ಅವರೇ ಬರೆದಿಡಲಿ. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ 600 ಮೀಟರ್ ಓಟವಿದೆ. ಅದನ್ನೂ ಮಾಡಿಸಿ, ಆದರೆ ಮೊದಲ ಬಹುಮಾನ ಯಾರಿಗೆ ಅಂತ ನೋಡಬೇಡಿ. ಮೂರು ತಿಂಗಳ ಹಿಂದಿನ ತನ್ನ ಹೊತ್ತಿಗಿಂತ ಮಗು ಎಷ್ಟು ಸುಧಾರಿಸಿದೆ ಅಂತ ನೋಡಿ.

ಒಂದು ಎಚ್ಚರ. ನಾವೇ ಎಲ್ಲಾ ಮಾಡಿಬಿಟ್ಟರೆ, "ನಡೀತಿದೆಯಲ್ಲ, ಹುದ್ದೆ ಯಾಕೆ?" ಅಂತ ಇಲಾಖೆ ಕೈ ತೊಳ್ಕೊಳ್ಳುತ್ತೆ. ಹಾಗಾಗಿ ಮಕ್ಕಳ ಜೊತೆ ಬಯಲಿಗಿಳಿಯುವ ದಿನವೇ, ಕನ್ನಡ ಬಲ್ಲ ದೈಹಿಕ ಶಿಕ್ಷಕರು ಬೇಕು, ಹತ್ತಿರದ ನಾಲ್ಕೈದು ಸಣ್ಣ ಶಾಲೆಗಳಿಗೆ ಸೇರಿಸಿ ಒಬ್ಬರನ್ನಾದರೂ ಕೊಡಿ ಅಂತ ಅರ್ಜಿಯೂ ಹೋಗಲಿ. ಅರ್ಜಿಗೆ ಹಿಂಬರಹ ತಗೊಳ್ಳೋದು ಮರೀಬೇಡಿ. ನಿಮ್ಮೂರಿನ ಶಾಲೆಯಲ್ಲಿ ಎಷ್ಟು ಮಕ್ಕಳು, ವೇಳಾಪಟ್ಟಿಯಲ್ಲಿ ಆಟಕ್ಕೆ ಎಷ್ಟು ಪಿರಿಯಡ್, ನಿಜವಾಗಿ ನಡೆಯೋದು ಎಷ್ಟು ಅನ್ನೋದನ್ನು ನಮಗೆ ಬರೆದು ಕಳಿಸಿ. ತಾಲೂಕುವಾರು ಪಟ್ಟಿ ಮಾಡೋಣ.