ಅರಿಯದಿದ್ದಾಗ ಆಡದಿರುವ ವ್ರತ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳ್ಳಿಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕಟ್ಟಿದವಲ್ಲ. ಅಡಿಕೆ ತೋಟದ ಅಂಚಿನಲ್ಲಿ ಒಂದು ಮನೆ, ಹಳ್ಳ ದಾಟಿ ಗುಡ್ಡ ಹತ್ತಿದರೆ ಇನ್ನೊಂದು, ನಡುವೆ ಕಾಡು. ಇಂತಹ ಒಂಟಿ ಮನೆಯ ಅಂಗಳದಲ್ಲಿ ಆಡುತ್ತಿದ್ದ ಮಗು ಸಂಜೆಯ ಹೊತ್ತಿಗೆ ಕಾಣದಾದರೆ ನೆರೆಯವರು ಕರೆಯದೆಯೇ ಓಡಿ ಬರುತ್ತಾರೆ. ಒಬ್ಬರು ಬಾವಿಗೆ ಇಣುಕುತ್ತಾರೆ, ಒಬ್ಬರು ತೋಟದ ಕಾಲುವೆಗುಂಟ ನಡೆಯುತ್ತಾರೆ, ಇನ್ನೊಬ್ಬರು ಸಂಕದ ಕೆಳಗೆ ಟಾರ್ಚು ಹಿಡಿಯುತ್ತಾರೆ. ಅವರಿಗೆ ಮಾತಿಗೆ ಬಿಡುವಿರುವುದಿಲ್ಲ. ಮಗುವಿನ ಹೆಸರು ಹಿಡಿದು ಕೂಗುವುದು, ಉತ್ತರಕ್ಕಾಗಿ ಕಿವಿಗೊಟ್ಟು ನಿಲ್ಲುವುದು, ಇಷ್ಟೇ ಅವರ ಮಾತು.

ಅದೇ ಹೊತ್ತಿನಲ್ಲಿ ಬೇರೊಂದು ಕಡೆ ಬೇರೆಯೇ ಮಾತು ಮೊದಲಾಗಿರುತ್ತದೆ. ತಾಯಿಗೆ ಎಚ್ಚರವಿರಲಿಲ್ಲವಂತೆ, ಮನೆಯಲ್ಲಿ ಜಗಳವಿತ್ತಂತೆ, ನಿನ್ನೆ ಯಾವುದೋ ಅಪರಿಚಿತ ವಾಹನ ಬಂದಿತ್ತಂತೆ, ನಿಧಿಗಾಗಿ ಬಲಿ ಕೊಟ್ಟಿರಬೇಕಂತೆ. ಹುಡುಕುವವರಿರುವ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗ್ನಲ್ ಇರುವ ಪೇಟೆಯಲ್ಲಿ ಹುಡುಕುವವರಿಲ್ಲ. ಕಂಡವರು ಮೌನವಾಗಿರುವಾಗ ಕಾಣದವರು ಕಥೆ ಹೆಣೆಯುತ್ತಾರೆ. ಮಗುವಿನ ಮೇಲಿನ ಮಮತೆಯೇ ಈ ಮಾತಿಗೆ ಕಾರಣವೆಂದು ಆಡುವವರು ನಂಬಿರುತ್ತಾರೆ. ಆದರೆ ಜಿನಧರ್ಮದ ದೃಷ್ಟಿಯಲ್ಲಿ ಇದಕ್ಕೆ ಇರುವ ಹೆಸರು ಬೇರೆ. ಅದು ಅನರ್ಥದಂಡ.

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಶಕ್ಯವಲ್ಲ ಎಂಬುದನ್ನು ಜೈನಾಚಾರ್ಯರು ಬಲ್ಲರು. ಉಳುವಾಗ, ಅಡುಗೆ ಮಾಡುವಾಗ, ಮನೆ ಕಟ್ಟುವಾಗ ಜೀವಹಾನಿ ಅನಿವಾರ್ಯ. ಆ ಹಿಂಸೆಗೆ ಒಂದು ಪ್ರಯೋಜನವಾದರೂ ಇದೆ. ಆದರೆ ಯಾವ ಪ್ರಯೋಜನವೂ ಇಲ್ಲದೆ ಪರಜೀವಿಯನ್ನು ನೋಯಿಸುವ ನಡೆನುಡಿಯನ್ನು ಬಿಡಲೇಬೇಕೆಂದು ಮೂರು ಗುಣವ್ರತಗಳಲ್ಲಿ ಒಂದಾಗಿ ಅನರ್ಥದಂಡವಿರತಿಯನ್ನು ವಿಧಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕಾಣೆಯಾದ ಮಗುವಿನ ಸುತ್ತ ಹುಟ್ಟುವ ಊಹಾಪೋಹದಲ್ಲಿ ಈ ಐದೂ ಕೂಡಿಬರುತ್ತವೆ. ಮಗುವಿಗೆ ಏನೇನು ಕೇಡಾಗಿರಬಹುದೆಂದು ಕಲ್ಪಿಸುತ್ತ ಕೂರುವುದು ಅಪಧ್ಯಾನ. ಆ ಕಲ್ಪನೆಗೆ ಆಸೆಯಿಂದ ಕಿವಿಗೊಡುವುದು ದುಃಶ್ರುತಿ. ಪರಿಶೀಲಿಸದೆ ಮುಂದಕ್ಕೆ ಕಳುಹಿಸುವುದು ಪ್ರಮಾದಚರ್ಯೆ. ಅಪರಿಚಿತನೊಬ್ಬನ ಚಿತ್ರವನ್ನು ಜೊತೆಗೆ ಸೇರಿಸಿದರೆ ಅದು ಸಿಟ್ಟಿಗೆದ್ದವರ ಕೈಗೆ ಆಯುಧ ಕೊಟ್ಟಂತೆ, ಹಿಂಸಾದಾನ. ‘ಇಂಥವರನ್ನು ಸುಮ್ಮನೆ ಬಿಡಬಾರದು’ ಎಂದು ಕೊನೆಗೆ ಸೇರಿಸುವ ಮಾತು ಪಾಪೋಪದೇಶ.

ಇಂತಹ ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಕರಣ ಲೋಕಪ್ರಸಿದ್ಧವಾಗಿದೆ. 1980ರ ಆಗಸ್ಟ್ 17ರ ರಾತ್ರಿ, ಆ ದೇಶದ ನಡುಭಾಗದ ಮರುಭೂಮಿಯಲ್ಲಿರುವ ಉಲೂರು ಬಂಡೆಯ ಬಳಿ ಡೇರೆಯೊಳಗೆ ಮಲಗಿದ್ದ ಅಜಾರಿಯಾ ಎಂಬ ಒಂಬತ್ತು ವಾರಗಳ ಹಸುಗೂಸು ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಮಗುವನ್ನು ಒಯ್ದಿತೆಂದು ತಾಯಿ ಲಿಂಡಿ ಚೇಂಬರ್ಲೇನ್ ಕೂಗಿಕೊಂಡಳು. ಆ ನೆಲವನ್ನು ಬಲ್ಲ ಮೂಲನಿವಾಸಿಗಳು ಮರಳಿನಲ್ಲಿ ಡಿಂಗೊದ ಹೆಜ್ಜೆಗಳನ್ನು ಗುರುತಿಸಿದ್ದರು. ಮೊದಲ ವಿಚಾರಣೆಯೂ ತಂದೆತಾಯಿಯ ಮಾತನ್ನು ಒಪ್ಪಿತು. ಆದರೆ ದೇಶ ಒಪ್ಪಲಿಲ್ಲ. ದೂರದರ್ಶನದಲ್ಲಿ ತಾಯಿ ಅಳಲಿಲ್ಲವೇಕೆ ಎಂದು ಜನ ಕೇಳಿದರು. ಆ ಕುಟುಂಬ ಕ್ರೈಸ್ತರಲ್ಲೇ ಒಂದು ಸಣ್ಣ ಪಂಥಕ್ಕೆ ಸೇರಿತ್ತು. ಅಷ್ಟಕ್ಕೇ ಮಗುವಿನ ಹೆಸರಿಗೆ ‘ಕಾಡಿನಲ್ಲಿ ಕೊಟ್ಟ ಬಲಿ’ ಎಂಬ ಅರ್ಥವಿದೆಯೆಂಬ ಸುಳ್ಳು ಹಬ್ಬಿತು. ದೇವರ ನೆರವು ಪಡೆದವರು ಎಂಬುದು ಆ ಹೆಸರಿನ ನಿಜವಾದ ಅರ್ಥ.

1982ರಲ್ಲಿ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ಕಾರಿನಲ್ಲಿ ಸಿಕ್ಕ ಮಗುವಿನ ರಕ್ತವೆಂದು ನಂಬಿದ್ದ ಕಲೆಗಳಲ್ಲಿ ಮುಖ್ಯವಾದದ್ದು, ಸದ್ದು ತಗ್ಗಿಸಲು ಕಾರಿಗೆ ಬಳಿಯುವ ಲೇಪವೆಂದು ಮುಂದೆ ತಿಳಿಯಿತು. 1986ರಲ್ಲಿ ಮಗುವಿನ ಮೇಲಂಗಿ ಬಂಡೆಯ ಬಳಿ ಆಕಸ್ಮಿಕವಾಗಿ ದೊರೆತ ಮೇಲೆ ಆಕೆಯ ಬಿಡುಗಡೆಯಾಯಿತು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣವೆಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ. ತಾಯಿ ಮೊದಲ ರಾತ್ರಿ ಹೇಳಿದ ಮಾತನ್ನು ನಂಬಲು 32 ವರ್ಷ ಹಿಡಿಯಿತು.

ಜೈನ ಪುರಾಣ ಬಲ್ಲವರಿಗೆ ಇಲ್ಲಿ ಅಂಜನಾದೇವಿ ನೆನಪಾಗದಿರಳು. ಯುದ್ಧಕ್ಕೆ ಹೊರಟ ಪತಿ ಪವನಂಜಯನು ಗುಟ್ಟಾಗಿ ಬಂದು ಹೋದುದನ್ನು ಅರಿಯದ ಅತ್ತೆ, ಗರ್ಭಿಣಿಯಾದ ಸೊಸೆಯ ಶೀಲವನ್ನು ಶಂಕಿಸಿ ಮನೆಯಿಂದ ಹೊರಹಾಕಿದಳು. ತವರೂ ಬಾಗಿಲು ಮುಚ್ಚಿತು. ಅಂಜನೆ ಅಡವಿಯ ಗುಹೆಯಲ್ಲಿ ಹನುಮಂತನನ್ನು ಹೆತ್ತಳು. ಅತ್ತೆ ಕ್ರೂರಿಯಾಗಿರಬೇಕಾಗಿರಲಿಲ್ಲ, ತನಗೆ ತಿಳಿಯದ ಸಂಗತಿಯೊಂದು ಇರಬಹುದೆಂಬ ಎಚ್ಚರ ಆಕೆಗೆ ಇರಲಿಲ್ಲ, ಅಷ್ಟೇ. ದುಃಖದಲ್ಲಿರುವ ತಾಯಿಯ ಮುಖವನ್ನು ನೋಡಿ ಆಕೆಯ ಅಂತರಂಗವನ್ನು ತೀರ್ಮಾನಿಸುವವರೆಲ್ಲ ಆ ಅತ್ತೆಯ ಜಾಗದಲ್ಲೇ ನಿಂತಿರುತ್ತಾರೆ.

ಇದು ಪರದೇಶದ ಅಥವಾ ಪುರಾಣದ ಮಾತಾಗಿ ಉಳಿದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಕರ್ನಾಟಕದಲ್ಲೂ ಹಬ್ಬಿತು. ಆಗ ಹರಿದಾಡಿದ ಅಪಹರಣದ ದೃಶ್ಯವೊಂದು, ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರದ ಕತ್ತರಿಸಿದ ತುಣುಕಾಗಿತ್ತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಗೆಳೆಯರೊಂದಿಗೆ ಬಂದಿದ್ದ ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಆ ಗೆಳೆಯರ ಮೇಲೆ ಸಂಶಯ ಹುಟ್ಟಲು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಾಕಾಯಿತು.

ಶಿರಸಿಯೂ ಇದರ ಬಿಸಿಯನ್ನು ಕಂಡಿದೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಕಾಣೆಯಾಗಿದ್ದ ತರುಣನೊಬ್ಬನ ಶವ ಕೆರೆಯಲ್ಲಿ ದೊರೆತಾಗ, ಆತ ಸತ್ತ ಬಗೆಯ ಕುರಿತು ಘೋರ ವರ್ಣನೆಗಳು ಹರಡಿದವು. ಕುಮಟಾದಲ್ಲಿ ಎದ್ದ ಗಲಭೆ ಘಟ್ಟ ಹತ್ತಿ ಶಿರಸಿಯ ಬೀದಿಗಳಿಗೂ ಬಂತು. ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಸಂಭವಿಸಿದ ಸಾವು ಎಂದು ಸಿಬಿಐ 2022ರಲ್ಲಿ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಮಗನನ್ನು ಕಳೆದುಕೊಂಡ ಮನೆಯವರ ಶೋಕವೂ ಪ್ರಶ್ನೆಗಳೂ ಗೌರವಕ್ಕೆ ಅರ್ಹ. ಆದರೆ ತಾವು ಕಾಣದುದನ್ನು ಕಂಡಂತೆ ವರ್ಣಿಸಿದ ನಾಲಿಗೆಗಳಿಗೆ ಆ ಗೌರವ ಸಲ್ಲದು.

‘ನಾನು ಯಾರನ್ನೂ ಹೊಡೆದಿಲ್ಲ, ಬಂದ ಸಂದೇಶವನ್ನು ಕಳುಹಿಸಿದೆ, ಅಷ್ಟೇ’ ಎಂಬ ಸಮಾಧಾನಕ್ಕೆ ಜನ್ನ ಕವಿಯ ಯಶೋಧರ ಚರಿತೆಯಲ್ಲಿ ಉತ್ತರವಿದೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ನೆತ್ತರು ಹರಿಯಲಿಲ್ಲ, ಜೀವ ಹೋಗಲಿಲ್ಲ. ಆದರೂ ಆ ಸಂಕಲ್ಪಹಿಂಸೆಗಾಗಿ ಅವನೂ ಅವನ ತಾಯಿಯೂ ಜನ್ಮಜನ್ಮಾಂತರ ತೊಳಲಿದರು. ನೆರೆಮನೆಯವನನ್ನು ಮನಸ್ಸಿನಲ್ಲೇ ಕೊಲೆಗಾರನನ್ನಾಗಿ ಮಾಡುವುದೂ ಹಿಟ್ಟಿನ ಕೋಳಿಗೆ ಕತ್ತಿ ಎತ್ತಿದಂತೆಯೇ.

ಇನ್ನು ಕೆಲವರು, ‘ಹೀಗೂ ಇರಬಹುದು, ಹಾಗೂ ಇರಬಹುದು ಎಂದು ಎಲ್ಲ ಸಾಧ್ಯತೆಗಳನ್ನು ನೋಡುವುದೇ ಅನೇಕಾಂತವಲ್ಲವೆ?’ ಎಂದು ಕೇಳಬಹುದು. ಅಲ್ಲ. ಸ್ಯಾದ್ವಾದದ ‘ಸ್ಯಾತ್’ ಎಂಬುದಕ್ಕೆ ‘ಬಹುಶಃ’ ಎಂಬ ಅರ್ಥವಿಲ್ಲ. ಪ್ರಮಾಣದಿಂದ ತಿಳಿದ ವಿಷಯವನ್ನು ಒಂದು ನಿರ್ದಿಷ್ಟ ಅಪೇಕ್ಷೆಯಿಂದ ಹೇಳುತ್ತಿದ್ದೇನೆ, ನಾನು ಹೇಳಿದಷ್ಟೇ ಪೂರ್ಣವಲ್ಲ ಎಂಬ ವಿನಯ ಆ ಪದದಲ್ಲಿದೆ. ತಿಳಿಯದುದರ ಮೇಲೆ ಊಹೆಯ ಗೋಪುರ ಕಟ್ಟಲು ಅದು ಪರವಾನಗಿಯಲ್ಲ. ಶಿರಸಿ ತಾಲ್ಲೂಕಿನ ಸೋಂದೆಯಲ್ಲಿರುವ ಸ್ವಾದಿ ಜೈನಮಠದ ಭಟ್ಟಾರಕರು ಭಟ್ಟಾಕಲಂಕರೆಂಬ ಹೆಸರನ್ನು ಧರಿಸುತ್ತಾರೆ. ಆ ಹೆಸರು ನೆನಪಿಸುವ ಅಕಲಂಕದೇವರು ಪ್ರಮಾಣಶಾಸ್ತ್ರದ ಮಹಾಚಾರ್ಯರು. ಅವರ ಹೆಸರು ಉಳಿದಿರುವ ನೆಲದಲ್ಲಿ ಪ್ರಮಾಣವಿಲ್ಲದ ಮಾತು ಹರಡುವುದು ಶೋಭೆಯಲ್ಲ.

ಹಾಗೆಂದು ಸಂಶಯವೇ ಸಲ್ಲದೆಂದಲ್ಲ. ಕಾಣೆಯಾದ ಪ್ರತಿಯೊಂದು ಮಗುವಿನ ದೂರನ್ನೂ ಅಪಹರಣವಿರಬಹುದೆಂದೇ ಭಾವಿಸಿ ದಾಖಲಿಸಿ ತನಿಖೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಪೊಲೀಸರು ಸಂಶಯಿಸಲೇಬೇಕು, ಮನೆಯವರನ್ನೂ ಪ್ರಶ್ನಿಸಬೇಕು. ಆದರೆ ಅವರ ಸಂಶಯಕ್ಕೆ ಹೊಣೆಯಿದೆ. ಅದು ಸಾಕ್ಷ್ಯಕ್ಕೆ ಬಾಗಬೇಕು, ನ್ಯಾಯಾಲಯಕ್ಕೆ ಉತ್ತರಿಸಬೇಕು. ಅಂಗಡಿಯ ಕಟ್ಟೆಯ ಮೇಲಿನ ಸಂಶಯ ಯಾರಿಗೂ ಉತ್ತರಿಸುವುದಿಲ್ಲ. ಮಗು ಸಿಕ್ಕ ಮರುದಿನ ಅದು ಕ್ಷಮೆಯನ್ನೂ ಕೇಳುವುದಿಲ್ಲ. ಇನ್ನೊಂದು ವಿಷಯಕ್ಕೆ ಹೊರಳುತ್ತದೆ. ಆರೋಪ ಹೊತ್ತವರು ಮಾತ್ರ ಅದೇ ಊರಿನಲ್ಲಿ, ಅದೇ ಮುಖಗಳ ನಡುವೆ ಬದುಕಬೇಕಾಗುತ್ತದೆ.

ಹಾಗಾದರೆ ಶ್ರಾವಕರು ಏನು ಮಾಡಬೇಕು? ಮೌನವೊಂದೇ ಧರ್ಮವಲ್ಲ. ಹಿತವೂ ಮಿತವೂ ಆದ ಮಾತನ್ನು ಭಾಷಾಸಮಿತಿ ತಡೆಯುವುದಿಲ್ಲ. ಮಗು ಕಡೆಯದಾಗಿ ಕಂಡ ಜಾಗ, ಹೊತ್ತು, ತೊಟ್ಟ ಬಟ್ಟೆಯ ಬಣ್ಣ ಇವನ್ನು ತಿಳಿಸುವ ಮಾತು ಹುಡುಕುವವರಿಗೆ ದೀಪ. ಕಣ್ಣಾರೆ ಕಂಡ ಸಂಗತಿಯೇನಾದರೂ ಇದ್ದರೆ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ ಹೇಳುವುದು ಕರ್ತವ್ಯ. ಕಾಡಿನ ಹಾದಿ ಬಲ್ಲವರು ಹಾದಿ ತೋರಲಿ, ಉಳಿದವರು ಆ ಮನೆಗೆ ಗಂಜಿ ಕಾಯಿಸಿ ಒಯ್ಯಲಿ. ಉಳಿದ ಮಾತಿಗೆ ವಾಗ್ಗುಪ್ತಿಯ ಬೀಗವಿರಲಿ. ಸಂದೇಶ ಬಂದಾಗ ಒಂದು ಸಾಮಾಯಿಕದ ಹೊತ್ತು, ಅಂದರೆ 48 ನಿಮಿಷ, ಅದನ್ನು ಮುಂದಕ್ಕೆ ಕಳುಹಿಸದೆ ಇರಿಸಿಕೊಳ್ಳುವ ಸಣ್ಣ ನಿಯಮವನ್ನು ಯಾರಾದರೂ ಕೈಗೊಳ್ಳಬಹುದು. ಕಳುಹಿಸಿದ ಮೇಲೆ ಸುಳ್ಳೆಂದು ತಿಳಿದರೆ, ಕಳುಹಿಸಿದವರಿಗೆಲ್ಲ ‘ಅದು ನಿಜವಲ್ಲ, ನನ್ನ ತಪ್ಪು’ ಎಂದು ಬರೆಯುವುದೇ ಆ ದಿನದ ಪ್ರತಿಕ್ರಮಣ.

ತತ್ತ್ವಾರ್ಥಸೂತ್ರವು ನಾಲ್ಕು ಭಾವನೆಗಳನ್ನು ಹೇಳುತ್ತದೆ: ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ. ಕತ್ತಲೆಯಲ್ಲಿ ಎಲ್ಲಿಯೋ ಇರುವ ಆ ಮಗುವಿನ ಬಗ್ಗೆ ಮೈತ್ರಿ, ಹಳ್ಳದಲ್ಲಿ ಇಳಿದು ಹುಡುಕುವವರ ಬಗ್ಗೆ ಪ್ರಮೋದ, ಬಾಗಿಲಲ್ಲಿ ಕುಳಿತ ತಾಯಿಯ ಬಗ್ಗೆ ಕಾರುಣ್ಯ, ತಪ್ಪು ಮಾಡಿರಬಹುದೆಂದು ಬೆರಳು ತೋರಿಸಲಾದವನ ಬಗ್ಗೆಯೂ ಮಾಧ್ಯಸ್ಥ್ಯ. ಯಾರಾದರೂ ಬಂದು ‘ಏನಾಗಿರಬಹುದು?’ ಎಂದು ಕೇಳಿದರೆ, ‘ನಮಗೆ ತಿಳಿಯದು, ಹುಡುಕುತ್ತಿದ್ದಾರೆ’ ಎಂಬಷ್ಟೇ ಉತ್ತರ ಸಾಕು. ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸತ್ಯವ್ರತವಿಲ್ಲ.