ಈ ವರುಷ ನಾವು ಮೆಚ್ಚಿದ ಗಾನಮುದ್ರಿಕೆಗಳು

ವರುಷವು ಮುಗಿಯುತ್ತ ಬಂದಾಗ ವರ್ತಕನು ತನ್ನ ಖಾತೆಯನ್ನು ತೆರೆದು ನೋಡಿಕೊಳ್ಳುವಂತೆ, ಗಾನಪ್ರಿಯರಾದ ನಾವೂ ಈ ವರುಷ ಯಾವ ಯಾವ ಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿದೆವೆಂದು ಲೆಕ್ಕ ಹಾಕಿದೆವು. ಅವುಗಳಲ್ಲಿ ಹೊಸವು ಬಹಳವಿಲ್ಲ. ಗ್ರಾಮಫೋನಿನ ಕಾಲದ ಪ್ಲೇಟುಗಳು ಈಗ ಮೊಬೈಲಿನಲ್ಲಿಯೇ ದೊರೆಯುತ್ತಿರುವುದರಿಂದ, ತೋವಿನಕೆರೆಯಲ್ಲಿ ಕುಳಿತವರಿಗೂ ಅವು ಸುಲಭಸಾಧ್ಯವಾಗಿರುವುವು. ಲೆಕ್ಕ ಮುಗಿದ ಮೇಲೆ ನಮಗೇ ಆಶ್ಚರ್ಯವಾಯಿತು. ನಾವು ಮೆಚ್ಚಿದವುಗಳಲ್ಲಿ ಹೆಚ್ಚಿನವು ಸ್ತ್ರೀಯರು ಹಾಡಿದವು. ಅವರೆಲ್ಲರೂ ಲೋಕದ ತಾತ್ಸಾರವನ್ನೋ ಮನೆಯವರ ಹಿಂಜರಿಕೆಯನ್ನೋ ದಾಟಿ ಹಾಡಿದವರು. ಈ ಸಂಚಿಕೆಯು ಹೆಣ್ಣುಮಕ್ಕಳ ಶಾಲೆಯದಾದ ಕಾರಣ, ಆ ವಿಷಯವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುವುದು ಯುಕ್ತವೆಂದು ಭಾವಿಸಿದ್ದೇವೆ.

ಮೊದಲನೆಯದು ಗೌಹರ್ ಜಾನ್ ಅವರ ಪ್ಲೇಟುಗಳು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯವರು ಧ್ವನಿಮುದ್ರಣ ಮಾಡಿದಾಗ ಹಾಡಿದ ಮೊದಲಿಗರಲ್ಲಿ ಈಕೆ ಪ್ರಮುಖರು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಸುಮಾರು ಮೂರೇ ನಿಮಿಷಗಳಲ್ಲಿ ಅಡಕಮಾಡಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರುತ್ತಿದ್ದರು. ಆ ಸಾರುವಿಕೆಯಲ್ಲಿ ಎಷ್ಟು ಧೈರ್ಯವಿದೆಯೆಂಬುದನ್ನು ಕೇಳಿಯೇ ತಿಳಿಯಬೇಕು. ಆಂಜೆಲೀನಾ ಎಂಬ ಕ್ರೈಸ್ತ ಹೆಸರಿನಿಂದ ಬಾಳನ್ನು ಆರಂಭಿಸಿದ ಈ ಗಾಯಕಿಯು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಇಂತಹ ಗಾಯಕಿಯರ ಹಾಡನ್ನು ಆಲಿಸಿ ತಲೆದೂಗುತ್ತಿದ್ದ ಮಹಾಶಯರೇ, ತಮ್ಮ ಮಗಳು ಹಾಡಲೆಳಸಿದರೆ ಕದ ಮುಚ್ಚುತ್ತಿದ್ದುದು ಸುಳ್ಳಲ್ಲ.

ನಮಗೆ ಅತ್ಯಂತ ಪ್ರಿಯವಾದವು ಡಿ. ಕೆ. ಪಟ್ಟಮ್ಮಾಳ್ ಅವರು ಹಾಡಿರುವ ದೀಕ್ಷಿತರ ಕೃತಿಗಳು. 1919ರಲ್ಲಿ ಕಾಂಚೀಪುರದ ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಈಕೆ ಸಭೆಯಲ್ಲಿ ಕುಳಿತು ಹಾಡುವುದು ಆ ದಿನಗಳಲ್ಲಿ ಊಹೆಗೂ ನಿಲುಕದ ಮಾತಾಗಿತ್ತು. ತಂದೆಗೂ ಹಿಂಜರಿಕೆಯಿತ್ತು. ಬಾಲೆಯ ಕಂಠವನ್ನು ಗುರುತಿಸಿ ಬೆಂಬಲಕ್ಕೆ ನಿಂತವರಲ್ಲಿ ಆಕೆ ಓದುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಒಬ್ಬರು. ನಮ್ಮ ವಾಚಕರು ಈ ಮಾತನ್ನು ಕೊಂಚ ನಿಧಾನವಾಗಿ ಓದಬೇಕೆಂದು ಬೇಡುತ್ತೇವೆ. ಗಂಡಸರ ಸೊತ್ತೆಂದೇ ಎಣಿಸಲ್ಪಟ್ಟಿದ್ದ ರಾಗ ತಾನ ಪಲ್ಲವಿಯನ್ನು ಆ ಬಾಲೆಯು ಬೆಳೆದು ಕಛೇರಿಗಳಲ್ಲಿ ಹಾಡಿ, ಪಲ್ಲವಿ ಪಟ್ಟಮ್ಮಾಳ್ ಎನಿಸಿಕೊಂಡರು. ಅವರ ಹಾಡಿನಲ್ಲಿ ಅವಸರವೆಂಬುದೇ ಇಲ್ಲ. ಬಿಂದಿಗೆ ಹೊತ್ತು ಏರಿಯ ಮೇಲೆ ನಡೆಯುವವಳ ಹೆಜ್ಜೆಯಂತೆ ಸ್ವರಗಳು ತುಳುಕದೆ ಬರುವುವು.

ಗಂಗೂಬಾಯಿ ಹಾನಗಲ್ಲರ ಮುದ್ರಿಕೆಗಳನ್ನಾದರೋ ಎರಡು ಕಾಲದವುಗಳನ್ನು ಒಟ್ಟಿಗೆ ಕೇಳಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲೆ ಅವರು. ಮೊದಮೊದಲ ಪ್ಲೇಟುಗಳಲ್ಲಿ ಕಂಠವು ತೆಳುವಾಗಿ ಮೇಲಕ್ಕೆ ಚಿಮ್ಮುವುದು. ಗಂಟಲಿನ ಚಿಕಿತ್ಸೆಯ ತರುವಾಯ ಅದು ಗಂಡುದನಿಯೋ ಎಂಬಷ್ಟು ಗಂಭೀರವಾಯಿತು. ಬೇರೊಬ್ಬರಾಗಿದ್ದರೆ ಹಾಡುವುದನ್ನೇ ಬಿಟ್ಟುಬಿಡುತ್ತಿದ್ದರೇನೋ. ಅವರು ಆ ಹೊಸ ದನಿಯಲ್ಲಿಯೇ ಹಾಡಿ ಲೋಕವನ್ನು ಒಲಿಸಿಕೊಂಡರು. ಗುರು ಸವಾಯಿ ಗಂಧರ್ವರಲ್ಲಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದಾಗ ಜನರಾಡಿದ ಕುಹಕಗಳಿಗೂ ಕೊರತೆಯಿರಲಿಲ್ಲ. 2009ರ ಜುಲೈ ತಿಂಗಳಲ್ಲಿ, ಐದೇ ದಿನಗಳ ಅಂತರದಲ್ಲಿ, ಪಟ್ಟಮ್ಮಾಳ್ ಮತ್ತು ಗಂಗೂಬಾಯಿ ಇಬ್ಬರೂ ನಮ್ಮನ್ನಗಲಿದರು.

ಪುರುಷಕಂಠದ ಒಂದು ಮುದ್ರಿಕೆಯನ್ನು ಮಾತ್ರ ಈ ಪಟ್ಟಿಯಿಂದ ಹೊರಗಿಡಲು ಮನಸ್ಸೊಪ್ಪಲಿಲ್ಲ. ‘ಮಾವು ಬೇವು’ ಎಂಬ ಆ ಧ್ವನಿಸುರುಳಿಯ ಗೀತೆಗಳನ್ನು ರಚಿಸಿದವರು ನಮ್ಮ ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯ ದೊಡ್ಡರಂಗೇಗೌಡರು. ರಾಗ ಹಾಕಿದವರು ಸಿ. ಅಶ್ವಥ್, ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ನೆರೆಯೂರಿನ ಅಭಿಮಾನವೆಂದು ವಾಚಕರು ಮನ್ನಿಸಬೇಕು.

ಈಗ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹ. ಮಗಳು ಏಳನೆಯ ತರಗತಿಯಲ್ಲಿ ಹಾಡಿದರೆ ನೆಂಟರ ಮುಂದೆ ಕೂರಿಸಿ ಹಾಡಿಸುವಿರಿ. ಹತ್ತನೆಯ ತರಗತಿಗೆ ಬಂದೊಡನೆ ಸಂಗೀತಪಾಠವನ್ನು ಬಿಡಿಸುವಿರಿ. ಪರೀಕ್ಷೆಯೆಂಬ ಕಾರಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಂಕಗಳಿಂದಲೇ ಮುಂದಿನ ವಿದ್ಯೆ ದೊರೆಯಬೇಕಾದ ಬಡ ಮನೆಗಳು ನಮ್ಮಲ್ಲಿ ಅನೇಕವಿರುವುವು. ಆದರೆ ಪರೀಕ್ಷೆ ಮುಗಿದ ಮೇಲಾದರೂ ಆ ಪಾಠವು ಮತ್ತೆ ಆರಂಭವಾದುದನ್ನು ನಾವು ಕಂಡಿರುವುದು ಬಲು ಅಪೂರ್ವ. ಅಣ್ಣನ ಕ್ರಿಕೆಟ್ಟಿಗೆ ಭಾನುವಾರ ಬಿಡುವುಂಟು, ತಂಗಿಯ ಶ್ರುತಿಗೆ ದಿನಕ್ಕೆ ಅರ್ಧ ಗಂಟೆಯೂ ಇಲ್ಲ. ಹಿಂದೆ ಮಾನ ಹೋದೀತೆಂದು ಬೇಡವೆನ್ನುತ್ತಿದ್ದರು, ಇಂದು ಅಂಕ ಹೋದೀತೆಂದು ಬೇಡವೆನ್ನುವರು. ಹುಡುಗಿಯ ಪಾಲಿಗೆ ಎರಡೂ ಒಂದೇ.

ಈ ವರುಷ ನಾವು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಕಂಠವು ಯಾವ ಮುದ್ರಿಕೆಯಲ್ಲಿಯೂ ಇಲ್ಲ. ನ್ಯೂಮನ್ನರು 1833ರ ಸಮುದ್ರಯಾನದಲ್ಲಿ ರಚಿಸಿದ ಪ್ರಾರ್ಥನಾಗೀತೆಯನ್ನು ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದಿರುವುದನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರಷ್ಟೆ. ನಮ್ಮ ನೆರೆಮನೆಯ ಹುಡುಗಿಯು ಪ್ರತಿದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹಾರ್ಮೋನಿಯಂ ಮುಂದೆ ಕುಳಿತು ಅದನ್ನು ಹಾಡುತ್ತಿದ್ದಳು. ಜೂನ್ ತಿಂಗಳಲ್ಲಿ ಅವಳು ಹತ್ತನೆಯ ತರಗತಿಗೆ ಹೋದಳು. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು. ಪರೀಕ್ಷೆ ಮುಗಿದ ದಿನವೇ ಅದನ್ನು ಕೆಳಗಿಳಿಸುವುದಾಗಿ ಅವಳ ತಂದೆಯವರು ನಮಗೆ ಮಾತು ಕೊಟ್ಟಿರುವರು. ಆ ದಿನ ಏಣಿಯನ್ನು ಹಿಡಿದುಕೊಳ್ಳಲು ನಾವೇ ಹೋಗುವವರಿದ್ದೇವೆ.