ಗುಂಡಿ ಒತ್ತಿದರೆ ಸಾಲದು, ಉತ್ತರ ಬರಬೇಕು
ಮುಂಜಾನೆ ವುಝೂ ಮಾಡಲೆಂದು ಎದ್ದ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದರೆ ಫೋನು ಕೈಗೆಟುಕುವುದಿಲ್ಲ. ಅಲ್ಲೊಂದು ವೈರ್‌ಲೆಸ್ ಗುಂಡಿ ಇದ್ದರೆ ಒಳ್ಳೆಯದು. ಇಎಸ್‌ಪಿ32 ಎಂಬ ಪುಟ್ಟ ಚಿಪ್ ಬಳಸಿ ಕಾಲೇಜು ಓದುವ ನಿಮ್ಮ ಮಕ್ಕಳೇ ಇದನ್ನು ತಯಾರಿಸಬಲ್ಲರು. ಬ್ಯಾಟರಿ ಉಳಿಯಲೆಂದು ಚಿಪ್ ನಿದ್ರಿಸುತ್ತಿರುತ್ತದೆ. ಗುಂಡಿ ಒತ್ತಿದರೆ ಎಚ್ಚೆತ್ತು ವೈಫೈ ಮೂಲಕ ಮನೆಯವರ ಫೋನಿಗೆ ಸಂದೇಶ ಕಳಿಸುತ್ತದೆ.

ಆದರೆ ಪ್ರೋಗ್ರಾಂ ಬರೆಯುವಾಗ ಒಂದು ಎಚ್ಚರ ಬೇಕು. ಒತ್ತಿದ ಕೂಡಲೇ ದೀಪ ಬೆಳಗುವಂತೆ ಮಾಡುವುದು ಸುಲಭ. ಆದರೆ ಆ ದೀಪ ಸುಳ್ಳು ಹೇಳಬಹುದು. ರೂಟರ್ ಆಫ್ ಆಗಿದ್ದರೆ ಸಂದೇಶ ಹೋಗಿರುವುದೇ ಇಲ್ಲ. ಬಿದ್ದವರು ಮಾತ್ರ ಯಾರೋ ಬರುತ್ತಾರೆಂದು ಕಾಯುತ್ತಿರುತ್ತಾರೆ. ಸಂದೇಶ ನೋಡಿದವರು ಫೋನಿನಲ್ಲಿ 'ಬಂದೆ' ಎಂದು ಉತ್ತರಿಸಿದ ಮೇಲಷ್ಟೇ ದೀಪ ಬೆಳಗಲಿ. ಅಲ್ಲಿಯವರೆಗೆ ಚಿಪ್ ನಿದ್ರಿಸದೆ ಮತ್ತೆ ಮತ್ತೆ ಸಂದೇಶ ಕಳಿಸಲಿ, ಬಜರ್ ಕೂಗಿ ಅಕ್ಕಪಕ್ಕದವರನ್ನೂ ಎಬ್ಬಿಸಲಿ.

ನೆಲದಲ್ಲಿ ಬಿದ್ದವರ ಕೈಗೆ ಸಿಗುವಷ್ಟು ಕೆಳಗೆ, ನೀರು ತಾಗದಂತೆ ಗುಂಡಿಯನ್ನು ಇಡಿ. ಕರೆಂಟ್ ಹೋದರೂ ರೂಟರ್ ನಡೆಯುವಂತೆ ಯುಪಿಎಸ್ ಜೋಡಿಸಿ. ವಾರಕ್ಕೊಮ್ಮೆ ಹಿರಿಯರಿಂದಲೇ ಒತ್ತಿಸಿ ಪರೀಕ್ಷಿಸಿ. ಗುಂಡಿ ಕರೆಯುವುದಷ್ಟೇ, ಓಡಿ ಬರುವುದು, ಆ್ಯಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡುವುದು ನಮ್ಮದೇ ಹೊಣೆ.